ಲ್ಯಾಪ್‌ಟಾಪಿಗೂ ಧಗೆ ಆಗುತ್ತದೆ

ಲ್ಯಾಪ್‌ಟಾಪ್ ತಾನಾಗಿಯೇ ಆಫ್ ಆದರೆ ಹಾಸ್ಟೆಲ್‌ನಲ್ಲಿ ಕೇಳಿಬರುವ ಮೊದಲ ಮಾತು, ‘ವೈರಸ್ ಬಂದಿರಬೇಕು’. ಎರಡನೆಯದು, ‘ಫಾರ್ಮ್ಯಾಟ್ ಮಾಡು’. ಫಾರ್ಮ್ಯಾಟ್ ಮಾಡಿ ಹೊಸ ಆಪರೇಟಿಂಗ್ ಸಿಸ್ಟಂ ಹಾಕಲು ಕೂತಾಗ ಅರ್ಧಕ್ಕೇ ಮತ್ತೆ ಆಫ್ ಆದರೆ ಮೂರನೆಯ ಮಾತು ತಯಾರಿರುತ್ತದೆ: ‘ಆ ಲಿನಕ್ಸೇ ಸರಿಯಿಲ್ಲ, ಯಾರು ಹಾಕು ಅಂದಿದ್ದು?’ ನಾಲ್ಕನೆಯ ಮಾತು ಅಂಗಡಿಯವರದು, ‘ಮದರ್‌ಬೋರ್ಡ್ ಹೋಗಿದೆ’. ಇಷ್ಟೆಲ್ಲ ಮಾತಿನ ನಡುವೆ ಯಾರೂ ಲ್ಯಾಪ್‌ಟಾಪಿನ ಅಡಿಗೆ ಅಂಗೈ ಇಟ್ಟು ನೋಡುವುದಿಲ್ಲ. ನೋಡಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು, ಏಕೆಂದರೆ ಅದು ರೊಟ್ಟಿಯ ಹಂಚಿನಂತೆ ಕಾದಿರುತ್ತದೆ.

ನಾನು ಮೆಕ್ಯಾನಿಕಲ್ ವಿದ್ಯಾರ್ಥಿನಿ, ಆರನೇ ಸೆಮಿಸ್ಟರ್. ಕಂಪ್ಯೂಟರ್ ವಿಷಯ ಬರೆಯಲು ನಿನಗೇನು ಅಧಿಕಾರ ಎಂದು ಕಂಪ್ಯೂಟರ್ ಸೈನ್ಸ್ ಗೆಳತಿಯರು ಈಗಾಗಲೇ ಕೇಳಿದ್ದಾರೆ. ಅಧಿಕಾರ ಇದೆ. ಆಪರೇಟಿಂಗ್ ಸಿಸ್ಟಂ ಹಾಕುವಾಗ ಲ್ಯಾಪ್‌ಟಾಪ್ ಧಡಕ್ಕನೆ ಆಫ್ ಆಗುವುದು ಬಹಳ ಸಲ ಸಾಫ್ಟ್‌ವೇರಿನ ಸಮಸ್ಯೆಯೇ ಅಲ್ಲ. ಅದು ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲಾಗದೆ ಸಿಕ್ಕಿಹಾಕಿಕೊಂಡ ಸಮಸ್ಯೆ, ಅಂದರೆ ನಾನು ಈ ಸೆಮಿಸ್ಟರ್ ಓದುತ್ತಿರುವ ಹೀಟ್ ಟ್ರಾನ್ಸ್‌ಫರ್. ಎರಡು ಬ್ರಾಂಚಿನ ನಡುವೆ ಬಿದ್ದ ಈ ಸಮಸ್ಯೆಯನ್ನು ಯಾರೂ ತಮ್ಮದು ಅನ್ನುವುದಿಲ್ಲ. ಅದಕ್ಕೇ ಅದು ಅಂಗಡಿಯ ಟೇಬಲ್ ಮೇಲೆ ಹೋಗಿ, ಬೇಡದ ಬಿಲ್ಲಾಗಿ ಹಿಂದಿರುಗುತ್ತದೆ.

ಈ ವರ್ಷ ಈ ಕಥೆ ಜಾಸ್ತಿಯಾಗಲು ಒಂದು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ ಮುಗಿಯಿತು. ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಮಾತ್ರ ಪಡೆಯುವ ದಾರಿ ಇದೆ, ಆಮೇಲೆ ಅದೂ ಇಲ್ಲ. ವಿಂಡೋಸ್ 11 ಹಾಕೋಣ ಎಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು ಬಹುತೇಕ ಒಪ್ಪುವುದೇ ಇಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಹೊಸ ಲ್ಯಾಪ್‌ಟಾಪ್ ಇರುವವರು ಕಡಿಮೆ. ಅಣ್ಣ ಬಳಸಿ ಬಿಟ್ಟಿದ್ದು, ಮಾಮಾ ಕೊಟ್ಟಿದ್ದು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು, ಇಂಥವೇ ಹೆಚ್ಚು. ಅವನ್ನು ಉಳಿಸಿಕೊಳ್ಳಲು ಉಬುಂಟು, ಲಿನಕ್ಸ್ ಮಿಂಟ್ ಹಾಕುವುದು ಒಳ್ಳೆಯ ದಾರಿ. ಆದರೆ ಎಂಟು ವರ್ಷ ಹಳೆಯ ಯಂತ್ರದೊಳಗೆ ಎಂಟು ವರ್ಷದ ಧೂಳೂ ಇರುತ್ತದೆ ಎನ್ನುವುದು ಇನ್‌ಸ್ಟಾಲ್ ಮಾಡುವ ದಿನವೇ ಗೊತ್ತಾಗುವುದು.

ನನ್ನ ರೂಮ್‌ಮೇಟ್‌ಗೆ ಗೊತ್ತಾಗಿದ್ದೂ ಹಾಗೆಯೇ. ಅವಳದು 2017ರ ಲ್ಯಾಪ್‌ಟಾಪ್, ಅಣ್ಣನಿಂದ ಬಂದದ್ದು. ಮಾರ್ಚ್ ಮೊದಲ ವಾರ ಲಿನಕ್ಸ್ ಮಿಂಟ್ ಹಾಕಲು ಕೂತಳು. ಮಂಚದ ಮೇಲೆ ಗಾದಿ, ಗಾದಿಯ ಮೇಲೆ ಲ್ಯಾಪ್‌ಟಾಪ್. ಕಡತಗಳು ನಕಲಾಗುತ್ತಿದ್ದವು, ಫ್ಯಾನ್ ಹಾರುವ ವಿಮಾನದಂತೆ ಕೂಗುತ್ತಿತ್ತು, ಇದ್ದಕ್ಕಿದ್ದಂತೆ ಪರದೆ ಕಪ್ಪು. ಎಚ್ಚರಿಕೆ ಇಲ್ಲ, ಸಂದೇಶ ಇಲ್ಲ. ಮತ್ತೆ ಶುರು ಮಾಡಿದಳು, ಮತ್ತೆ ಆಫ್. ಮೂರನೆಯ ಸಲ ‘ಏ, ಮತ್ತ ಬಂದ್ ಆತ್ ನೋಡ್ಲೇ’ ಎಂದು ಅಳುವ ಧ್ವನಿಯಲ್ಲಿ ನನ್ನನ್ನು ಕರೆದಳು. ಹಳೆಯ ವಿಂಡೋಸ್ ಅಳಿಸಿ ಹೋಗಿತ್ತು, ಹೊಸದು ಬಂದಿರಲಿಲ್ಲ. ಹತ್ತು ದಿನಕ್ಕೆ ಮಿನಿ ಪ್ರಾಜೆಕ್ಟ್ ತೋರಿಸಬೇಕಿತ್ತು.

ಮರುದಿನ ಅಂಗಡಿಗೆ ಒಯ್ದೆವು. ಅಲ್ಲಿದ್ದವರು ಆನ್ ಮಾಡಿ, ಐದು ನಿಮಿಷ ನೋಡಿ, ‘ಮದರ್‌ಬೋರ್ಡ್ ಹೋಗ್ಯದ ತಂಗಿ. ಹನ್ನೊಂದು ಸಾವಿರ ಆಗ್ತದ. ಅದರ ಬದಲಿ ಹೊಸಾದು ತಗೊಂಡ್ ಬಿಡ್ರಿ’ ಅಂದರು. ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಅವಳ ಮನೆಯಲ್ಲಿ ನಾಲ್ಕು ಎಕರೆ ತೊಗರಿ. ಈ ವರ್ಷ ಮಳೆ ಹೆಚ್ಚಾಗಿ ಅರ್ಧ ಬೆಳೆ ಕೊಳೆತು ಹೋಗಿತ್ತು. ಹನ್ನೊಂದು ಸಾವಿರ ಎಂಬ ಮಾತನ್ನು ಅಪ್ಪನಿಗೆ ಫೋನಿನಲ್ಲಿ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಸುಮ್ಮನೆ ನಡೆದಳು. ಆಟೊ ಹತ್ತಲಿಲ್ಲ.

ನನಗೆ ಮಾತ್ರ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಮೊದಲ ಸಲ ಆಫ್ ಆಗಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದೆ. ಸುಮಾರು ಇಪ್ಪತ್ತು ನಿಮಿಷ. ಎರಡನೆಯ ಸಲ? ಎಂಟು. ಮೂರನೆಯ ಸಲ? ನಾಲ್ಕೈದು. ಮದರ್‌ಬೋರ್ಡ್ ಸತ್ತಿದ್ದರೆ ಅದು ಹೀಗೆ ಲೆಕ್ಕ ಹಾಕಿಕೊಂಡು ಆಫ್ ಆಗುವುದಿಲ್ಲ. ಇನ್‌ಸ್ಟಾಲರ್‌ನಲ್ಲಿ ದೋಷವಿದ್ದರೆ ಪ್ರತಿ ಸಲವೂ ಒಂದೇ ಹಂತದಲ್ಲಿ ನಿಲ್ಲಬೇಕಿತ್ತು. ಸಮಯ ಪ್ರತಿ ಸಲ ಕಡಿಮೆಯಾಗುತ್ತಾ ಬಂದರೆ ಅದಕ್ಕೆ ಅರ್ಥ, ಯಂತ್ರ ಹಿಂದಿನ ಸಲದ ಕಾವನ್ನು ಇಟ್ಟುಕೊಂಡೇ ಮುಂದಿನ ಸಲ ಶುರು ಮಾಡುತ್ತಿದೆ. ಒಂದು ರಾತ್ರಿ ಪೂರ್ತಿ ಬಿಟ್ಟು ಬೆಳಿಗ್ಗೆ ಆನ್ ಮಾಡಿದಾಗ ಮತ್ತೆ ಇಪ್ಪತ್ತು ನಿಮಿಷ ನಡೆಯಿತು. ಈ ಪರೀಕ್ಷೆಗೆ ಯಾವ ಸಾಧನವೂ ಬೇಡ, ಗಡಿಯಾರ ಇದ್ದರೆ ಸಾಕು.

ದಿನವೂ ಓಡುತ್ತಿದ್ದ ಲ್ಯಾಪ್‌ಟಾಪ್ ಇನ್‌ಸ್ಟಾಲ್ ಮಾಡುವಾಗಲೇ ಏಕೆ ಮಲಗುತ್ತದೆ? ನಾವು ಟೈಪ್ ಮಾಡುವಾಗ, ಪಿಡಿಎಫ್ ಓದುವಾಗ ಪ್ರೊಸೆಸರ್ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆ, ನಡುನಡುವೆ ಎದ್ದು ಕೆಲಸ ಮಾಡಿ ಮತ್ತೆ ಮಲಗುತ್ತದೆ. ಇನ್‌ಸ್ಟಾಲ್ ಮಾಡುವಾಗ ಹಾಗಲ್ಲ. ಪೆನ್‌ಡ್ರೈವ್‌ನಲ್ಲಿ ಒತ್ತಿ ತುಂಬಿದ ಸಾವಿರಾರು ಕಡತಗಳನ್ನು ಬಿಚ್ಚಿ ಡಿಸ್ಕಿಗೆ ಬರೆಯಬೇಕು. ಬಿಚ್ಚುವ ಲೆಕ್ಕವೆಲ್ಲ ಪ್ರೊಸೆಸರ್ ಮೇಲೆಯೇ. ಗ್ರಾಫಿಕ್ಸ್ ಚಿಪ್ಪಿನ ಸರಿಯಾದ ಡ್ರೈವರ್ ಇನ್ನೂ ಬಂದಿರದಿದ್ದರೆ ಪರದೆಯ ಚಿತ್ರ ಬಿಡಿಸುವ ಕೆಲಸವೂ ಅದರ ತಲೆಗೇ ಬೀಳುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ನಲ್ಲಿ ಆ ಚಿಪ್ಪೂ ಮಲಗದೆ ಸುಮ್ಮನೆ ಕಾಯುತ್ತಾ ಕೂರಬಹುದು. ಜೊತೆಗೆ ‘ಅಪ್‌ಡೇಟ್‌ಗಳನ್ನೂ ಈಗಲೇ ಇಳಿಸಿಕೊಳ್ಳಲೇ’ ಎಂಬ ಪ್ರಶ್ನೆಗೆ ಹೌದು ಒತ್ತಿದರೆ ಇನ್ನಷ್ಟು ಹೊತ್ತು. ಅರ್ಧ ಗಂಟೆ ಬಿಡುವಿಲ್ಲದ ದುಡಿಮೆ ಹಳೆಯ ಲ್ಯಾಪ್‌ಟಾಪ್‌ಗೆ ವರ್ಷದಲ್ಲಿ ಬರುವುದೇ ಈ ಒಂದು ದಿನ.

ಎಷ್ಟು ಶಾಖ ಎಂದು ಕೇಳಿದರೆ ಸಂಖ್ಯೆ ಸಣ್ಣದೆನಿಸುತ್ತದೆ. ತೆಳ್ಳನೆಯ ಲ್ಯಾಪ್‌ಟಾಪ್‌ಗಳ ಅನೇಕ ಪ್ರೊಸೆಸರ್‌ಗಳನ್ನು 15 ವ್ಯಾಟ್‌ಗೆ ವಿನ್ಯಾಸ ಮಾಡಿರುತ್ತಾರೆ, ಜೋರಾಗಿ ಓಡುವಾಗ ಸ್ವಲ್ಪ ಹೊತ್ತು ಅದಕ್ಕಿಂತ ಹೆಚ್ಚು ಎಳೆಯುತ್ತವೆ. ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ನಾವು ಹಿಡಿಯುವ ಸೋಲ್ಡರಿಂಗ್ ಐರನ್ 25 ವ್ಯಾಟ್‌ನದು. ಅಂದರೆ ಸೀಸ ಕರಗಿಸುವ ಉಪಕರಣಕ್ಕೆ ಹತ್ತಿರದ ಶಾಖ, ಉಗುರಿನಷ್ಟು ಅಗಲದ ಒಂದು ಚಿಪ್ಪಿನಲ್ಲಿ ಹುಟ್ಟುತ್ತಿದೆ. ಅದನ್ನು ಹೊರಗೆ ಒಯ್ಯಲು ಚಿಪ್ಪಿನ ಮೇಲೆ ಒಂದು ತಾಮ್ರದ ಕೊಳವೆ ಕೂತಿರುತ್ತದೆ. ಅದರೊಳಗೆ ಒಂದಿಷ್ಟು ನೀರು. ಬಿಸಿ ತುದಿಯಲ್ಲಿ ಆವಿಯಾಗಿ, ತಂಪು ತುದಿಯಲ್ಲಿ ಮತ್ತೆ ನೀರಾಗಿ, ಬತ್ತಿಯಂಥ ಒಳಪದರದ ಮೂಲಕ ಹಿಂದಿರುಗುತ್ತದೆ. ಎಷ್ಟು ಚೆಂದದ ಯಂತ್ರ ನೋಡಿ, ತಿರುಗುವ ಒಂದು ಭಾಗವೂ ಇಲ್ಲ. ತಂಪು ತುದಿಯಲ್ಲಿ ತೆಳ್ಳನೆಯ ಲೋಹದ ರೆಕ್ಕೆಗಳ ಸಾಲು, ಅವುಗಳ ನಡುವೆ ಫ್ಯಾನಿನ ಗಾಳಿ. ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಶಾಖ ಚಿಪ್ಪಿನಲ್ಲೇ ಉಳಿಯುತ್ತದೆ.

ಉಳಿದಾಗ ಏನಾಗುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನ ‘ಕೆಟ್ಟುಹೋಯಿತು’ ಅನ್ನುವುದು ಇಲ್ಲಿಯೇ. ಹಲವು ಇಂಟೆಲ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮೇಲಿನ ಮಿತಿ 100 ಡಿಗ್ರಿ ಸೆಲ್ಸಿಯಸ್. ಅದರ ಹತ್ತಿರ ಬರುತ್ತಲೇ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗಲೇ ಲ್ಯಾಪ್‌ಟಾಪ್ ಎಳೆದಾಡಿದಂತೆ ಅನಿಸುವುದು. ಅಷ್ಟಕ್ಕೂ ಬಗ್ಗದಿದ್ದರೆ ಆಪರೇಟಿಂಗ್ ಸಿಸ್ಟಂ ಅಪಾಯದ ಮಟ್ಟ ಮುಟ್ಟಿತೆಂದು ಎಲ್ಲ ಮುಚ್ಚಿ ಆಫ್ ಮಾಡಲು ನೋಡುತ್ತದೆ. ಅದಕ್ಕೂ ಪುರುಸೊತ್ತು ಸಿಗದಿದ್ದರೆ ಹಾರ್ಡ್‌ವೇರೇ ವಿದ್ಯುತ್ತನ್ನು ಕಡಿದು ಹಾಕುತ್ತದೆ. ಈ ಕೊನೆಯ ಹಂತ ಯಾವ ಆಪರೇಟಿಂಗ್ ಸಿಸ್ಟಂನ ಅನುಮತಿಗೂ ಕಾಯುವುದಿಲ್ಲ. ಅದಕ್ಕೇ ಸಂದೇಶ ಬರುವುದಿಲ್ಲ, ನೀಲಿ ಪರದೆಯೂ ಇಲ್ಲ. ಮನೆಯ ಫ್ಯೂಸ್ ಹೋದಂತೆ. ಯಂತ್ರ ಸತ್ತಿಲ್ಲ, ಸಾಯದಿರಲೆಂದೇ ಆಫ್ ಆಗಿದೆ. ನಾವು ಅದನ್ನೇ ಕಾಯಿಲೆ ಅಂದುಕೊಂಡು ಮತ್ತೆ ಮತ್ತೆ ಪವರ್ ಬಟನ್ ಒತ್ತುತ್ತೇವೆ.

ಲಿನಕ್ಸ್ ಮೇಲೆ ಹೊರಿಸುವ ಇನ್ನೊಂದು ಆರೋಪ, ‘ಅದರಲ್ಲಿ ಫ್ಯಾನೇ ತಿರುಗುವುದಿಲ್ಲ’. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನನ್ನು ನಡೆಸುವುದು ಮದರ್‌ಬೋರ್ಡಿನ ಮೇಲಿರುವ ಬೇರೊಂದು ಪುಟ್ಟ ಚಿಪ್, ಆಪರೇಟಿಂಗ್ ಸಿಸ್ಟಂ ಅಲ್ಲ. ಕೆಲವು ಮಾಡೆಲ್‌ಗಳಲ್ಲಿ ತಕರಾರು ಇರುವುದುಂಟು. ಆದರೆ ಫ್ಯಾನ್ ಕೂಗುತ್ತಿದ್ದೂ ಪಕ್ಕದ ಕಿಂಡಿಯಿಂದ ಬಿಸಿ ಗಾಳಿ ಬರುತ್ತಿಲ್ಲ ಎಂದರೆ ದೋಷ ಲಿನಕ್ಸಿನದಲ್ಲ. ಗಾಳಿಗೆ ದಾರಿ ಇಲ್ಲ, ಅಷ್ಟೇ.

ಹಾಗೆಂದು ಆಫ್ ಆದದ್ದೆಲ್ಲ ಶಾಖದಿಂದಲೇ ಎಂದು ನಾನು ಹೇಳುತ್ತಿಲ್ಲ. ಕೈ ಇಟ್ಟರೆ ತಣ್ಣಗಿದ್ದೂ ಆಫ್ ಆದರೆ ಬ್ಯಾಟರಿ, ಅಡಾಪ್ಟರ್ ಕಡೆ ನೋಡಬೇಕು. ಹಳೆಯ ಬ್ಯಾಟರಿ 40 ಪರ್ಸೆಂಟ್ ತೋರಿಸುತ್ತಲೇ, ಪ್ರೊಸೆಸರ್ ಒಮ್ಮೆಲೇ ಜೋರಾಗಿ ಎಳೆದಾಗ ಕುಸಿದುಬಿಡುತ್ತದೆ. 65 ವ್ಯಾಟ್ ಬೇಕಾದ ಕಡೆ ಗೆಳತಿಯ 45 ವ್ಯಾಟ್ ಅಡಾಪ್ಟರ್ ಚುಚ್ಚಿದ್ದರೂ ತೊಂದರೆಯೇ. ರ‍್ಯಾಮ್ ಕೆಟ್ಟಿದ್ದರೆ ಆಫ್ ಆಗುವುದಕ್ಕಿಂತ ಪರದೆ ಹೆಪ್ಪುಗಟ್ಟಿ ನಿಲ್ಲುವುದು, ರೀಸ್ಟಾರ್ಟ್ ಆಗುವುದು ಹೆಚ್ಚು. ಅನುಮಾನವಿದ್ದರೆ ಬಯೋಸ್ ಪುಟ ತೆರೆದು ಅರ್ಧ ಗಂಟೆ ಸುಮ್ಮನೆ ಬಿಡಿ. ಅಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಕೂಡ ಇರುವುದಿಲ್ಲ. ಅಲ್ಲಿಯೂ ಆಫ್ ಆದರೆ ವಿಂಡೋಸ್, ಲಿನಕ್ಸ್ ಎರಡನ್ನೂ ಬೈಯುವುದು ಬಿಟ್ಟು ಹಾರ್ಡ್‌ವೇರ್ ನೋಡುವುದು ಒಳ್ಳೆಯದು. ಕೆಲವು ಬಯೋಸ್‌ಗಳು ಉಷ್ಣಾಂಶವನ್ನೂ ತೋರಿಸುತ್ತವೆ.

ಲಿನಕ್ಸ್‌ನಲ್ಲಿ ಇನ್ನೊಂದು ಅನುಕೂಲವಿದೆ. ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಡಿಸ್ಕಿಗೆ ಏನೂ ಬರೆಯಬೇಕಿಲ್ಲ. ಟರ್ಮಿನಲ್ ತೆರೆದು ಸೆನ್ಸರ್ಸ್ ಎಂಬ ಆದೇಶ ಕೊಟ್ಟರೆ ಪ್ರೊಸೆಸರ್ ಎಷ್ಟು ಬಿಸಿಯಿದೆ ಎಂದು ಬರುತ್ತದೆ. ಆ ಆದೇಶ ಇಲ್ಲದಿದ್ದರೆ ಥರ್ಮಲ್ ಝೋನ್ ಎಂಬ ಕಡತ ಓದಿದರೂ ಆಯಿತು. ಅದರಲ್ಲಿ 52000 ಎಂದು ಕಂಡರೆ ಗಾಬರಿಯಾಗಬೇಡಿ, ಅದು ಡಿಗ್ರಿಯ ಸಾವಿರದಲ್ಲೊಂದು ಭಾಗದ ಲೆಕ್ಕ, ಅಂದರೆ 52 ಡಿಗ್ರಿ. ವಿಂಡೋಸ್ ಇನ್‌ಸ್ಟಾಲರ್ ಇದನ್ನು ತೋರಿಸುವುದಿಲ್ಲ. ಹಾಗಾಗಿ ವಿಂಡೋಸ್ ಹಾಕುವವರೂ ಮೊದಲು ಒಂದು ಲಿನಕ್ಸ್ ಪೆನ್‌ಡ್ರೈವ್‌ನಿಂದ ಯಂತ್ರದ ಜ್ವರ ನೋಡಿಕೊಳ್ಳುವುದು ಜಾಣತನ. ರೂಮ್‌ಮೇಟ್‌ಳ ಲ್ಯಾಪ್‌ಟಾಪ್ ಏನೂ ಕೆಲಸ ಕೊಡದೆ ಸುಮ್ಮನಿದ್ದಾಗಲೇ 78 ಡಿಗ್ರಿ ತೋರಿಸಿತು. ಒಂದು ವಿಡಿಯೊ ಹಾಕಿದೆವು, 97.

ಬಿಚ್ಚಲೇಬೇಕಿತ್ತು. ಭಾನುವಾರ ಬೆಳಿಗ್ಗೆ ಮೆಸ್ಸಿನ ಟೇಬಲ್ ಒರೆಸಿ, ಅಡಾಪ್ಟರ್ ಕಿತ್ತು, ಬೆಳ್ಳಗಿನ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಅಡಿಯ ಚಿತ್ರ ಬರೆದೆ. ಬಿಚ್ಚಿದ ಪ್ರತಿ ಸ್ಕ್ರೂವನ್ನು ಆ ಚಿತ್ರದಲ್ಲಿ ಅದರದೇ ಜಾಗದಲ್ಲಿ ಇಡುತ್ತಾ ಹೋದೆ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಉದ್ದದ್ದನ್ನು ಗಿಡ್ಡದರ ಜಾಗದಲ್ಲಿ ತಿರುಗಿಸಿದರೆ ಬೋರ್ಡಿಗೇ ತಗಲುತ್ತದೆ. ಮುಚ್ಚಳ ತೆಗೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು, ಎರಡನೆಯದು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಹೊರಹಾಕುವುದು. ಆಮೇಲೆ ಫ್ಯಾನ್ ತೆಗೆದು ನೋಡಿದರೆ, ಲೋಹದ ರೆಕ್ಕೆಗಳ ಮುಂದೆ ಬೂದು ಬಣ್ಣದ ಕಂಬಳಿಯ ತುಂಡಿನಂಥದ್ದು ಅಂಟಿಕೊಂಡಿತ್ತು. ಕೂದಲು, ಗಾದಿಯ ಅರಳೆ, ನಮ್ಮ ಊರುಗಳ ಸುಣ್ಣಗಲ್ಲಿನ ಧೂಳು ಎಲ್ಲ ಸೇರಿ ಒತ್ತಿ ನೇಯ್ದಂತೆ. ಚಿಮಟದಿಂದ ಹಿಡಿದು ಎಳೆದರೆ ಇಡೀ ತುಂಡು ಒಟ್ಟಿಗೇ ಬಂತು. ಹೊರಗಿನ ಕಿಂಡಿಯಿಂದ ಇಣುಕಿ ನೋಡಿದರೆ ಇದು ಕಾಣುವುದೇ ಇಲ್ಲ, ಏಕೆಂದರೆ ಅದು ಕೂರುವುದು ರೆಕ್ಕೆಗಳ ಒಳಬದಿಯಲ್ಲಿ, ಫ್ಯಾನಿನ ಕಡೆಗೆ. ಹೊರಗಿನಿಂದ ಬ್ಲೋಯರ್ ಹಿಡಿದರೆ ಸ್ವಲ್ಪ ಹಿಂದೆ ಸರಿದು ಮತ್ತೆ ಅಲ್ಲಿಗೇ ಬರುತ್ತದೆ. ಬ್ಲೋಯರ್ ಹಿಡಿಯುವುದಾದರೆ ಫ್ಯಾನಿನ ಎಲೆಗಳು ಗಿರಗಿರ ತಿರುಗದಂತೆ ಬೆರಳಿನಿಂದ ತಡೆದಿರಬೇಕು, ಇಲ್ಲದಿದ್ದರೆ ಬೇರಿಂಗ್ ಹಾಳು.

ಎರಡನೆಯ ಅಡ್ಡಿ ಥರ್ಮಲ್ ಪೇಸ್ಟ್. ಚಿಪ್ಪು, ತಾಮ್ರ ಎರಡೂ ಕಣ್ಣಿಗೆ ನುಣುಪು, ಆದರೆ ಒಂದರ ಮೇಲೊಂದು ಇಟ್ಟಾಗ ನಡುವೆ ಸೂಕ್ಷ್ಮ ಸಂದುಗಳಲ್ಲಿ ಗಾಳಿ ಉಳಿಯುತ್ತದೆ. ಶಾಖವನ್ನು ದಾಟಿಸುವ ಶಕ್ತಿ ತಾಮ್ರಕ್ಕೆ ಸುಮಾರು 400 ಇದ್ದರೆ ಗಾಳಿಗೆ 0.026. ಪರೀಕ್ಷೆಗೆ ಬಾಯಿಪಾಠ ಮಾಡಿದ ಈ ಎರಡು ಸಂಖ್ಯೆಗಳ ನಡುವಿನ ಅಂತರ ನನಗೆ ನಿಜವಾಗಿ ಅರ್ಥವಾದದ್ದು ಆ ದಿನ. ಆ ಗಾಳಿಯ ಜಾಗ ತುಂಬಲೆಂದೇ ಪೇಸ್ಟ್ ಇರುವುದು. ಎಂಟು ವರ್ಷಕ್ಕೆ ಅದು ಒಣಗಿ ಗೋಡೆಯ ಹಳೆ ಸುಣ್ಣದಂತೆ ಪುಡಿಯಾಗಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹೊಸದನ್ನು ಜೋಳದ ಕಾಳಿನಷ್ಟು ಇಟ್ಟು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಹೆಚ್ಚು ಹಾಕಿದಷ್ಟೂ ತಂಪು ಎನ್ನುವುದು ತಪ್ಪು ತಿಳಿವಳಿಕೆ, ಅದು ಬೆಣ್ಣೆಯಲ್ಲ.

ಖರ್ಚಾದದ್ದು 430 ರೂಪಾಯಿ, ಪೇಸ್ಟಿಗೂ ಆಲ್ಕೊಹಾಲಿಗೂ ಸೇರಿ. ಸ್ಕ್ರೂಡ್ರೈವರ್ ಸೆಟ್ ಎಲೆಕ್ಟ್ರಿಕಲ್‌ನ ಸೀನಿಯರ್ ಅಕ್ಕನದು. ಸುಮ್ಮನಿದ್ದಾಗ 46 ಡಿಗ್ರಿ, ಇನ್‌ಸ್ಟಾಲ್ ನಡೆಯುವಾಗ ಅತಿ ಹೆಚ್ಚೆಂದರೆ 74. ಇಪ್ಪತ್ತಾರು ನಿಮಿಷಕ್ಕೆ ಮಿಂಟ್ ಪೂರ್ತಿ ಕೂತಿತು. ಹೋಗಿದೆ ಎನ್ನಿಸಿಕೊಂಡ ಅದೇ ಮದರ್‌ಬೋರ್ಡಿನ ಮೇಲೆ ಅವಳು ಮಿನಿ ಪ್ರಾಜೆಕ್ಟ್ ಮುಗಿಸಿದಳು. ಅಪ್ಪನಿಗೆ ಫೋನ್ ಮಾಡುವ ಪ್ರಮೇಯ ಬರಲಿಲ್ಲ.

ಎಲ್ಲ ರಿಪೇರಿ ಅಂಗಡಿಗಳೂ ಹೀಗೇ ಎಂದರೆ ಅನ್ಯಾಯವಾಗುತ್ತದೆ. ಇದೇ ಊರಿನ ಸೂಪರ್ ಮಾರ್ಕೆಟ್ ಕಡೆ ಒಬ್ಬ ಹಿರಿಯರಿದ್ದಾರೆ. ಯಾವ ಡಿಗ್ರಿಯೂ ಇಲ್ಲ. ಲ್ಯಾಪ್‌ಟಾಪ್ ಆನ್ ಮಾಡಿ ಕಿಂಡಿಯ ಎದುರು ಅಂಗೈ ಹಿಡಿದು, ‘ಗಾಳಿನೇ ಬರವಲ್ದು, ಕಸ ಕುಂತದ’ ಎಂದು ಹೇಳಿ, ಇನ್ನೂರು ರೂಪಾಯಿಗೆ ಶುಚಿ ಮಾಡಿ ಕೊಡುತ್ತಾರೆ. ಅಂಥವರ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬರಬೇಕು. ನನ್ನ ಸಿಟ್ಟು ಇರುವುದು ಮುಟ್ಟಿಯೂ ನೋಡದೆ ಸಾವಿರದ ಲೆಕ್ಕ ಹೇಳುವವರ ಮೇಲೆ, ಮತ್ತು ಆ ಲೆಕ್ಕವನ್ನು ಪ್ರಶ್ನಿಸಲೂ ಆಗದಂತೆ ನಮ್ಮನ್ನು ತಯಾರು ಮಾಡುವ ಓದಿನ ಮೇಲೆ.

ರೆಕ್ಕೆಯಿಂದ ಎಷ್ಟು ಶಾಖ ಹೊರಗೆ ಹೋಗುತ್ತದೆ, ಅದರ ದಕ್ಷತೆ ಎಷ್ಟು ಎಂದು ನಾವು ಹತ್ತು ಅಂಕಕ್ಕೆ ಲೆಕ್ಕ ಬಿಡಿಸುತ್ತೇವೆ. ಆ ರೆಕ್ಕೆ ನಮ್ಮ ತೊಡೆಯ ಮೇಲಿನ ಯಂತ್ರದೊಳಗೇ ಇದೆ ಎಂದು ಯಾರೂ ತೋರಿಸುವುದಿಲ್ಲ. ಕಂಪ್ಯೂಟರ್ ಸೈನ್ಸ್‌ನವರು ಪ್ರೊಸೆಸರ್ ಯಾವ ಕೆಲಸಕ್ಕೆ ಎಷ್ಟು ಸಮಯ ಹಂಚುತ್ತದೆ ಎಂದು ಓದುತ್ತಾರೆ, ಪ್ರೊಸೆಸರನ್ನು ಕಣ್ಣಾರೆ ನೋಡಿದವರು ನನ್ನ ಪರಿಚಯದಲ್ಲಿ ಬೆರಳೆಣಿಕೆ. ‘ಸ್ಕ್ರೂಡ್ರೈವರ್ ಹಿಡಿಯೋಕೆ ಬಿಇ ಯಾಕೆ ಮಾಡ್ಬೇಕಿತ್ತು?’ ಎಂದು ಒಬ್ಬ ಸಹಪಾಠಿ ನಕ್ಕ. ಹಿಡಿಯದವರ ಬಿಇಗೆ ಹನ್ನೊಂದು ಸಾವಿರದ ಬಿಲ್ ಬರುತ್ತದೆ ಎಂದು ಹೇಳಿ ಸುಮ್ಮನಾದೆ. ಹುಡುಗಿಯರ ವಿಷಯದಲ್ಲಿ ಇದು ಇನ್ನೊಂದು ಕೈ ಮೇಲೆ. ನಮ್ಮ ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ಅದು ಮೊದಲು ಹೋಗುವುದು ‘ಯಾರಾದ್ರೂ ಹುಡುಗರ ಕೈಗೆ’. ಆ ಹುಡುಗ ಫಾರ್ಮ್ಯಾಟ್ ಒಂದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಅದರೊಳಗಿನ ಫೋಟೊ, ಕಡತಗಳು ಅವನ ಕೈಯಲ್ಲಿ ಎರಡು ದಿನ ಇರುತ್ತವೆ ಎಂಬ ಚಿಂತೆ ಬೇರೆ. ಇಷ್ಟೆಲ್ಲ ಕಷ್ಟ ಹನ್ನೆರಡು ಸ್ಕ್ರೂಗಳಿಗೆ ಹೆದರಿ.

ಕಂಪನಿಗಳೂ ಹೆದರಿಸುತ್ತವೆ ಎನ್ನುವುದು ನಿಜ. ಅಂಟು ಹಾಕಿ ಮುಚ್ಚಿದ ಭಾಗಗಳು, ರಬ್ಬರ್ ಪಾದದ ಅಡಿಯಲ್ಲಿ ಅಡಗಿಸಿಟ್ಟ ಸ್ಕ್ರೂ, ಬೋರ್ಡಿಗೇ ಬೆಸೆದ ರ‍್ಯಾಮ್. ಬಿಚ್ಚುವ ಕೈಪಿಡಿಯನ್ನು ಕೆಲವು ಕಂಪನಿಗಳು ಎಲ್ಲರಿಗೂ ಸಿಗುವಂತೆ ಜಾಲತಾಣದಲ್ಲಿ ಇಟ್ಟಿವೆ, ಎಲ್ಲವೂ ಇಟ್ಟಿಲ್ಲ. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಕೈಪಿಡಿ, ಬಿಡಿಭಾಗ, ವಾರಂಟಿಯ ಮಾಹಿತಿ ಒಂದೇ ಕಡೆ ಸಿಗಲಿ ಎಂಬ ಉದ್ದೇಶ ಒಳ್ಳೆಯದೇ. ನಮ್ಮ ತರಗತಿಯಲ್ಲಿ ಕೇಳಿದೆ, ಅರವತ್ತು ಜನರಲ್ಲಿ ಅದರ ಹೆಸರು ಕೇಳಿದ್ದವರು ಇಬ್ಬರು. ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಅವುಗಳ ಮೇಲೆ ನಾವು ಪರಿಸರ ವಿಷಯದಲ್ಲಿ ಟಿಪ್ಪಣಿ ಬರೆಯುತ್ತೇವೆ. ಧೂಳು ಕೂತಿದೆ ಎಂಬ ಒಂದೇ ಕಾರಣಕ್ಕೆ ಎಷ್ಟು ಲ್ಯಾಪ್‌ಟಾಪ್‌ಗಳು ಗುಜರಿಗೆ ಹೋಗುತ್ತವೋ ಎಂಬ ಪ್ರಶ್ನೆ ಆ ಟಿಪ್ಪಣಿಯಲ್ಲಿ ಬರುವುದಿಲ್ಲ.

ಕಲ್ಯಾಣ ಕರ್ನಾಟಕದವರಿಗೆ ಇದರಲ್ಲಿ ಇನ್ನೊಂದು ಕಷ್ಟವಿದೆ. ನಿಮ್ಮ ಲ್ಯಾಪ್‌ಟಾಪಿನ ಜೊತೆ ಬಂದ ಸಣ್ಣ ಪುಸ್ತಕ ತೆರೆದು ನೋಡಿ. ಬಳಸುವ ಜಾಗದ ಉಷ್ಣಾಂಶ ಎಷ್ಟಿರಬೇಕು ಎಂದು ಬರೆದಿರುತ್ತದೆ, ಬಹಳಷ್ಟರಲ್ಲಿ ಮೇಲಿನ ಮಿತಿ 35 ಡಿಗ್ರಿ. ಕಲಬುರಗಿ, ರಾಯಚೂರಿನ ಮೇ ತಿಂಗಳು 40 ದಾಟಿ ಕೂರುತ್ತದೆ, ತಗಡಿನ ಮಾಡಿನ ಕೋಣೆಯೊಳಗೆ ಕೇಳುವುದೇ ಬೇಡ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಅದು ಒಳಗೆ ಎಳೆದುಕೊಳ್ಳುವುದು ಅದೇ ಕಾದ ಗಾಳಿಯನ್ನು. ಕೋಣೆ 25ರಿಂದ 42ಕ್ಕೆ ಏರಿದರೆ ಅದೇ ಕೆಲಸಕ್ಕೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಮೇಲೆ ಏರುತ್ತದೆ. ಮೈಸೂರಿನಲ್ಲಿ 80ಕ್ಕೆ ನಿಲ್ಲುವ ಲ್ಯಾಪ್‌ಟಾಪ್ ಇಲ್ಲಿ 97 ಮುಟ್ಟುವುದು ಅದರ ಕೆಟ್ಟತನವಲ್ಲ, ಕಳೆಯುವ ಲೆಕ್ಕ. ಬೇರೆ ಊರಿನಲ್ಲಿ ಧೂಳು ಇದ್ದೂ ಹೇಗೋ ಓಡುವ ಯಂತ್ರ ಇಲ್ಲಿ ಓಡುವುದಿಲ್ಲ. ಹಾಗಾಗಿ ಇಲ್ಲಿನ ಕಾಲೇಜುಗಳೇ ಇದನ್ನು ಮೊದಲು ಕಲಿಸಬೇಕು.

ಬಿಚ್ಚಲು ಆಗದವರು, ವಾರಂಟಿ ಇನ್ನೂ ಇರುವವರು ಏನು ಮಾಡಬೇಕು? ವಾರಂಟಿ ಇದ್ದರೆ ಬಿಚ್ಚುವ ಮೊದಲು ಷರತ್ತು ಓದಿ, ಕಂಪನಿಯವರಿಂದಲೇ ಶುಚಿ ಮಾಡಿಸಿ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ದಯವಿಟ್ಟು ನೀವು ಕೈ ಹಾಕಬೇಡಿ, ಚಾರ್ಜಿಗೂ ಹಾಕಬೇಡಿ, ನುರಿತವರಿಗೇ ಕೊಡಿ, ಅದಕ್ಕೆ ಬೆಂಕಿ ಹತ್ತುವ ಅಪಾಯ ನಿಜವಾದದ್ದು. ಉಳಿದವರು ಅವತ್ತಿನ ಮಟ್ಟಿಗೆ ದಾಟಿಕೊಳ್ಳಲು ಇನ್‌ಸ್ಟಾಲ್ ಕೆಲಸವನ್ನು ಬೆಳಗಿನ ಜಾವ ಐದಕ್ಕೆ ಇಟ್ಟುಕೊಳ್ಳಿ. ಗಾದಿ ಬಿಟ್ಟು ಟೇಬಲ್ ಮೇಲೆ, ಹಿಂದಿನ ಅಂಚಿಗೆ ಎರಡು ಪುಸ್ತಕ ಕೊಟ್ಟು ಎತ್ತರಿಸಿ, ಅಡಿಯ ಕಿಂಡಿಗೆ ಟೇಬಲ್ ಫ್ಯಾನ್ ತಿರುಗಿಸಿ. ಬಯೋಸ್‌ನಲ್ಲಿ ಟರ್ಬೊ ಬೂಸ್ಟ್ ಎಂಬುದು ಇದ್ದರೆ ನಿಲ್ಲಿಸಿ, ಇನ್‌ಸ್ಟಾಲ್ ನಿಧಾನವಾದೀತು, ನಿಲ್ಲುವುದಿಲ್ಲ. ಅಪ್‌ಡೇಟ್ ಆಮೇಲೆ ಮಾಡಿಕೊಳ್ಳಿ. ಒದ್ದೆ ಬಟ್ಟೆ, ಐಸು, ಫ್ರಿಜ್ಜು ಈ ಪ್ರಯೋಗಗಳು ಬೇಡ, ತಂಪಾದ ಲೋಹದ ಮೇಲೆ ಗಾಳಿಯ ತೇವ ಹನಿಗಟ್ಟಿದರೆ ಬೋರ್ಡ್ ನಿಜವಾಗಿಯೂ ಹೋಗುತ್ತದೆ. ಇನ್ನೊಂದು ಮಾತು. ಹೀಗೆ ಆಫ್ ಆಗುವ ಲ್ಯಾಪ್‌ಟಾಪಿನಲ್ಲಿ ‘ಬಯೋಸ್ ಅಪ್‌ಡೇಟ್ ಮಾಡಿ ನೋಡು’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಮತ್ತೆ ಮಾಡಬಹುದು. ಬಯೋಸ್ ಬರೆಯುವಾಗ ಆಫ್ ಆದರೆ ಆಮೇಲೆ ಆನ್ ಆಗುವ ಭರವಸೆ ಇಲ್ಲ.

ನಾವು ಆರು ಜನ ಸೇರಿ ವಿಭಾಗದ ಮುಖ್ಯಸ್ಥರಿಗೆ ಒಂದು ಅರ್ಜಿ ಕೊಟ್ಟಿದ್ದೇವೆ. ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ವರ್ಕ್‌ಶಾಪಿನ ಒಂದು ಮೂಲೆ, ಎರಡು ಸೆಟ್ ಸ್ಕ್ರೂಡ್ರೈವರ್, ಒಂದು ಬ್ಲೋಯರ್, ಪೇಸ್ಟು, ಆಲ್ಕೊಹಾಲು. ಯಾವ ಬ್ರಾಂಚಿನವರಾದರೂ ತಮ್ಮ ಲ್ಯಾಪ್‌ಟಾಪ್ ತಂದು ತಾವೇ ಬಿಚ್ಚಿ ಶುಚಿ ಮಾಡಿಕೊಳ್ಳಬಹುದು. ಗೊತ್ತಿರುವವರು ಪಕ್ಕದಲ್ಲಿ ನಿಂತಿರುತ್ತಾರೆ, ಕೈ ಮಾತ್ರ ಲ್ಯಾಪ್‌ಟಾಪಿನವರದೇ. ಸರ್ ಅರ್ಜಿ ಓದಿ ಒಂದೇ ಪ್ರಶ್ನೆ ಕೇಳಿದರು, ‘ಒಂದು ಕೆಟ್ಟುಹೋದರೆ ಜವಾಬ್ದಾರಿ ಯಾರದು?’ ಸರಿಯಾದ ಪ್ರಶ್ನೆ. ವಾರಂಟಿ ಇರುವುದನ್ನು ಬಿಚ್ಚುವುದಿಲ್ಲ, ಉಬ್ಬಿದ ಬ್ಯಾಟರಿ ಮುಟ್ಟುವುದಿಲ್ಲ, ಕಡತಗಳ ಇನ್ನೊಂದು ಪ್ರತಿ ಇಟ್ಟುಕೊಂಡೇ ಬರಬೇಕು, ಒಪ್ಪಿಗೆಯ ಸಹಿ ಬೇಕು ಎಂದು ನಿಯಮ ಬರೆಯುತ್ತಿದ್ದೇವೆ. ಉತ್ತರ ಮೇ ಒಳಗೆ ಬಂದರೆ ಚೆನ್ನಾಗಿತ್ತು. ಆಗ ಪರೀಕ್ಷೆಯೂ ಹತ್ತಿರ, ಬಿಸಿಲೂ ಹತ್ತಿರ, ನಮ್ಮ ಮಹಡಿಯಲ್ಲೇ ಇನ್ನೂ ಒಂಬತ್ತು ಲ್ಯಾಪ್‌ಟಾಪ್‌ಗಳು ವಿಂಡೋಸ್ 10ರಲ್ಲೇ ಓಡುತ್ತಿವೆ.